ಬ್ಯಾಂಡ್ ಜೊತೆ ಸೋಲೋ: ನೀವು ಯಾವುದು ಆರಿಸಿದಿರಿ?

ಫ್ರೇಜರ್ ಟೌನ್ ಹುಡುಗ: ಮೂರು ವರ್ಷದಿಂದ ಯೂಫೋನಿಯಂ (ದಪ್ಪ ದನಿಯ ಹಿತ್ತಾಳೆ ಊದುವಾದ್ಯ) ನುಡಿಸುತ್ತಿದ್ದೇನೆ. ಡಿಸೆಂಬರ್‌ನಲ್ಲಿ ನಮ್ಮ 22 ಜನರ ಬ್ಯಾಂಡ್ ಮುಂದೆ ನಿಂತು ಏಳೆಂಟು ನಿಮಿಷದ ಸೋಲೋ ನುಡಿಸಬೇಕು. ಕ್ಲಾರಿನೆಟ್, ಸ್ಯಾಕ್ಸ್ ಎಲ್ಲಾ ಇವೆ. ನಿಮ್ಮ ಅನುಭವ ಹೇಳಿ.

ಬಸವನಗುಡಿ ಟ್ರಂಪೆಟ್: ನಾನು ಹೇಡನ್‌ನ ಟ್ರಂಪೆಟ್ ಕನ್ಚರ್ಟೊ ಆರಿಸಿದೆ, ಅಂದರೆ ಒಬ್ಬರು ಮುಂದೆ ನಿಂತು, ಉಳಿದವರು ಜೊತೆಗೂಡಿ ನುಡಿಸುವ ಕೃತಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. 1796ರದ್ದು, ಮೂಲ ಪಿಟೀಲುಗಳಿರುವ ಆರ್ಕೆಸ್ಟ್ರಾಗೆ. ಅದಕ್ಕೇ ಬ್ಯಾಂಡ್‌ಗೆ ಹೊಂದಿಸಿ ಬರೆದ ಹಾಳೆಗಳ ಸೆಟ್ ತರಿಸಿದೆ. 9,200 ರೂಪಾಯಿ, ಮೇಲೆ ಕೊರಿಯರ್ 2,850. ಬಿಚ್ಚಿ ನೋಡಿದರೆ ಇಂಗ್ಲೆಂಡ್ ಮಾದರಿಯ ಬ್ರಾಸ್ ಬ್ಯಾಂಡ್ ಸೆಟ್, ಊದುವಾದ್ಯಗಳಲ್ಲಿ ಹಿತ್ತಾಳೆಯವು ಮಾತ್ರ! ಕ್ಲಾರಿನೆಟ್‌ಗೆ ಒಂದು ಹಾಳೆಯೂ ಇಲ್ಲ. ಟೆನರ್ ಟ್ರಂಬೋನಿನದ್ದು ಟ್ರೆಬಲ್ ಕ್ಲೆಫ್‌ನಲ್ಲಿ (ಕ್ಲೆಫ್ ಅಂದರೆ ಯಾವ ಗೆರೆ ಯಾವ ಸ್ವರ ಅಂತ ಹೇಳುವ ಚಿಹ್ನೆ), ನಮ್ಮವರಿಗೆ ಓದಲು ಬರುವುದು ಬಾಸ್ ಕ್ಲೆಫ್ ಮಾತ್ರ. 19 ರಾತ್ರಿ ಕೂತು ಕೈಯಲ್ಲೇ ಬರೆದೆ. ಜೆರಾಕ್ಸ್ 640. ಆಮೇಲೆ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಗಾಳಿ ಬಂತು. ಎರಡನೇ ಪುಟ ಹುಲ್ಲಿನ ಮೇಲೆ ಓಡುತ್ತಿತ್ತು, ಹಿಂದೆ ನಾಯಿ.

ಹಲಸೂರು ಸ್ಲೈಡ್: ಆರ್ಕೆಸ್ಟ್ರಾದ್ದನ್ನು ಎಳೆದು ತಂದರೆ ಹೀಗೇ ಆಗೋದು. ಬ್ಯಾಂಡ್‌ಗೆಂದೇ ಬರೆದದ್ದು ಇದೆಯಲ್ಲ! ರಿಮ್ಸ್ಕಿ-ಕೊರ್ಸಕೋವ್, 1877, ಟ್ರಂಬೋನ್ ಕನ್ಚರ್ಟೊ. ಆತ ರಷ್ಯಾ ನೌಕಾಪಡೆಯ ಬ್ಯಾಂಡ್‌ಗಳನ್ನು ನೋಡಿಕೊಳ್ಳುತ್ತಿದ್ದವನು, ಕ್ಲಾರಿನೆಟ್ ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತು. ಮೂರು ಭಾಗ ಸೇರಿ ಹತ್ತು ನಿಮಿಷ. ನಾನು ಏಳು ತಿಂಗಳು ಕಲಿತೆ. ಕಾರ್ಯಕ್ರಮದ ಹಿಂದಿನ ರಾತ್ರಿ ಯಶವಂತಪುರದಲ್ಲಿ ಮದುವೆ ಮೆರವಣಿಗೆ, ಒಂದು ಗಂಟೆವರೆಗೂ ಊದಿದೆ. ಮರುದಿನ ಕ್ಯಾಡೆನ್ಸಾದಲ್ಲಿ (ಸೋಲೋದವನು ಒಬ್ಬನೇ ನುಡಿಸುವ ಭಾಗ) ತುಟಿ ಸತ್ತೇ ಹೋಯಿತು. ಬರೀ ಗಾಳಿ. ಆದರೂ ಆಯ್ಕೆ ಸರಿಯಾಗಿತ್ತು.

ಬಸವನಗುಡಿ ಟ್ರಂಪೆಟ್: ಸೋಲೋ ಹಿಂದಿನ ರಾತ್ರಿ ಮೆರವಣಿಗೆಗೆ ಹೋಗುವವರು ನನಗೆ ಬುದ್ಧಿ ಹೇಳ್ತೀರಾ?

ಹಲಸೂರು ಸ್ಲೈಡ್: ಆ ಮೆರವಣಿಗೆ ದುಡ್ಡಲ್ಲೇ ಟ್ರಂಬೋನ್ ಕೊಂಡೆ ಸ್ವಾಮಿ. ಅಪ್ಪ ಕೊಡಿಸಿದ್ದಲ್ಲ.

ಮಲ್ಲೇಶ್ವರಂ ಕಾರ್ನೆಟ್: ಇಬ್ಬರೂ ಸಾಕು. ನಾನು ಹುಮ್ಮೆಲ್‌ನ ಟ್ರಂಪೆಟ್ ಕನ್ಚರ್ಟೊ ನುಡಿಸಿದೆ, 1803. ಮೂಲದಲ್ಲಿ ಇ ಮೇಜರ್ ಶ್ರುತಿ. ಮೂಲ ಶ್ರುತಿಯೇ ಬೇಕು ಅಂತ ಹಟ ಹಿಡಿದೆ. ಬಿ ಫ್ಲಾಟ್ ಕ್ಲಾರಿನೆಟ್‌ನವರಿಗೆ ಆರು ಶಾರ್ಪ್ (ಅರ್ಧ ಸ್ವರ ಏರಿಸುವ ಚಿಹ್ನೆ), ನುಡಿಸಲು ಕಷ್ಟ! ಮೂರನೇ ರಿಹರ್ಸಲ್‌ಗೆ ಇಬ್ಬರು ಬರಲೇ ಇಲ್ಲ. ಅರ್ಧ ಸ್ವರ ಇಳಿಸಿ ಇ ಫ್ಲಾಟ್‌ಗೆ ತಂದೆ, ಅವರಿಗೆ ಒಂದೇ ಫ್ಲಾಟ್ (ಅರ್ಧ ಸ್ವರ ಇಳಿಸುವ ಚಿಹ್ನೆ). ಮರುವಾರ ಎಲ್ಲರೂ ಹಾಜರ್, ಬೋಂಡಾ ಕೂಡ ತಂದಿದ್ದರು.

ಬಸವನಗುಡಿ ಟ್ರಂಪೆಟ್: ಮೂಲ ಶ್ರುತಿ ಬಿಟ್ಟ ಮೇಲೆ ಅದು ಹುಮ್ಮೆಲ್ಲಾ?

ಮಲ್ಲೇಶ್ವರಂ ಕಾರ್ನೆಟ್: ನೀವು ಕ್ಲಾರಿನೆಟ್‌ಗೆ ಕೈಯಲ್ಲಿ ಬರೆದುಕೊಟ್ಟದ್ದು ಹೇಡನ್ ಆದರೆ ಇದೂ ಹುಮ್ಮೆಲ್. ದೊಡ್ಡ ದೊಡ್ಡವರೇ ಇ ಫ್ಲಾಟ್‌ನಲ್ಲಿ ನುಡಿಸುತ್ತಾರೆ.

ಫ್ರೇಜರ್ ಟೌನ್ ಹುಡುಗ: ಸರ್, ನಾನು ಕೇಳಿದ್ದು ಯೂಫೋನಿಯಂಗೆ.

ಹಲಸೂರು ಸ್ಲೈಡ್: ಹೊರೊವಿಟ್ಜ್ ಬರೆದ ಯೂಫೋನಿಯಂ ಕನ್ಚರ್ಟೊ ಇದೆ, 1972. ಆದರೆ ಅದೂ ಬ್ರಾಸ್ ಬ್ಯಾಂಡ್‌ಗೇ. ಸೆಟ್ ಕೊಳ್ಳುವ ಮುಂಚೆ ಕ್ಲಾರಿನೆಟ್ ಹಾಳೆ ಇದೆಯಾ ನೋಡು. ಇಲ್ಲದಿದ್ದರೆ ಬಸವನಗುಡಿಯವರು ಬರೆದುಕೊಡ್ತಾರೆ, 19 ರಾತ್ರಿ ಸಾಕು.

ಬಸವನಗುಡಿ ಟ್ರಂಪೆಟ್: ಜೆರಾಕ್ಸ್ ದುಡ್ಡು ಯಾರು ಕೊಡ್ತಾರೆ?