ಝಳ, ಕುದಿ: ಎರಡಕ್ಕೂ "ಸೆಕೆ" ಅಂದರೆ ಸಾಕೇ?

ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು. ಪ್ರತಿ ಶುಕ್ರವಾರ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಶನಿವಾರ-ರವಿವಾರ ಹೇಗಿರಬಹುದು ಅಂತ ನಾಲ್ಕು ಸಾಲು ಬರೆದು ಊರಿನ ದ್ರಾಕ್ಷಿ ಬೆಳೆಗಾರರಿಗೆ ಕಳಿಸುತ್ತೇನೆ. ಏಪ್ರಿಲ್ ಕೊನೆಯ ಈ ವಾರದ್ದನ್ನು ಬರೆಯುವಾಗ ಒಂದು ಪದದ ಹತ್ತಿರ ನಿಂತುಬಿಟ್ಟೆ.

ಬರೆದದ್ದು ಇಷ್ಟೇ: "ಶನಿವಾರ ಒಣಹವೆ. ಬಿಸಿಲು ಎರಡು ಡಿಗ್ರಿ ಏರಬಹುದು. ರವಿವಾರ ಸಂಜೆ ಒಂದೆರಡು ಕಡೆ ಗುಡುಗು, ಮಳೆ. ಎರಡೂ ದಿನ ಸೆಕೆ ಜಾಸ್ತಿ."

ಕಳಿಸುವ ಮೊದಲು ಕಾಕಾನಿಗೆ ಓದಿ ಹೇಳಿದೆ. ಅವರು ಕೇಳಿದರು: "ಸೆಕಿ ಅಂದ್ರ ಯಾವುದಪಾ? ಝಳಾನೋ, ಕುದೀನೋ?"

ನಮ್ಮ ಮನೆಯಲ್ಲಿ ಇವೆರಡೂ ಬೇರೆ ಬೇರೆ. ಝಳ ಅಂದರೆ ಮಧ್ಯಾಹ್ನ ಹೊರಗೆ ಕಾಲಿಟ್ಟ ಕೂಡಲೇ ಮುಖಕ್ಕೆ ಬಡಿಯುವ ಒಣ ಬಿಸಿ. ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ತುಟಿ ಒಡೆಯುತ್ತದೆ. ಆದರೆ ಬೇವಿನ ಗಿಡದ ನೆರಳಿಗೆ ಬಂದು ಕೂತರೆ ಜೀವಕ್ಕೆ ಹಾಯೆನಿಸುತ್ತದೆ. ಕುದಿ ಹಾಗಲ್ಲ. ಗಾಳಿ ನಿಂತಿರುತ್ತದೆ, ಪಡುವಣಕ್ಕೆ ಮೋಡ ಕಟ್ಟಿರುತ್ತದೆ, ನೆರಳಲ್ಲಿ ಕೂತರೂ ಅಂಗಿ ಬೆನ್ನಿಗೆ ಅಂಟುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಬೆವರು ಬೇಗ ಆರುವುದಿಲ್ಲ, ಅದಕ್ಕೇ ಈ ಸಂಕಟ. ಝಳದ ದಿನ 41 ಡಿಗ್ರಿ ಇದ್ದು, ಕುದಿಯ ದಿನ 38 ಇದ್ದರೂ ಕುದಿಯೇ ಜಾಸ್ತಿ ಕಾಡುತ್ತದೆ.

ನಮ್ಮ ಕಡೆ ಇದು ಬರೀ ಮೈಗೆ ಸಂಬಂಧಪಟ್ಟ ಮಾತಲ್ಲ. ಶೆಡ್ಡಿನಲ್ಲಿ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹಾಕಿದ ದ್ರಾಕ್ಷಿ ಇನ್ನೂ ಇದ್ದವರಿಗೆ ಝಳ ಬೇಕು. ಕಾಯಿ ಬೇಗ ಒಣಗುತ್ತದೆ, ಬಣ್ಣ ನಿಲ್ಲುತ್ತದೆ. ಕುದಿ ಅಂದರೆ ಮಳೆಯ ಮುನ್ಸೂಚನೆ, ಮುಚ್ಚಲು ತಾಡಪತ್ರಿ (ಟಾರ್ಪಾಲು) ಹುಡುಕಬೇಕು. ಭರಣಿ ಮಳೆ ಹೊಲಕ್ಕೆ ಎಷ್ಟು ಒಳ್ಳೆಯದೋ ಶೆಡ್ಡಿಗೆ ಅಷ್ಟೇ ಕೆಟ್ಟದ್ದು. ಈಗ ನಾನು ಎರಡೂ ದಿನಕ್ಕೆ "ಸೆಕೆ" ಅಂತ ಬರೆದರೆ ಓದಿದವರು ಏನು ಮಾಡಬೇಕು ಹೇಳಿ?

ಕರಾವಳಿಯವರಿಗೆ ಈ ತೊಂದರೆ ಇರಲಿಕ್ಕಿಲ್ಲ. ಅಲ್ಲಿ ಗಾಳಿಯಲ್ಲಿ ಯಾವಾಗಲೂ ತೇವ ಇರುತ್ತದೆ, ಸೆಕೆ ಅಂದರೆ ಬೆವರು ಬಂದೇ ಬಂತು. ಒಂದು ಪದ ಸಾಕು. ನಮ್ಮ ಬಯಲಿಗೆ ಎರಡು ಬೇಕು ಅಂತ ನನ್ನ ವಾದ.

ಕುದಿಯ ಬಳಕೆಯೂ ನೋಡಲು ಚೆಂದ. "ಇವತ್ತ ಭಾಳ ಕುದಸ್ತದ, ಮಳಿ ಬರ್ತದ" ಅನ್ನುತ್ತೇವೆ. ಯಾರು ಕುದಿಸುತ್ತಾರೆ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಗಡಿ ದಾಟಿದರೆ ಮರಾಠಿಯಲ್ಲಿ ಇದೇ ಬೇಗೆಗೆ "ಉಕಾಡಾ" ಅನ್ನುತ್ತಾರೆ. ಅದು "ಉಕಡಣೇ" ಎಂಬ ಕ್ರಿಯಾಪದಕ್ಕೆ ಸೇರಿದ್ದು, ಅರ್ಥ ಬೇಯಿಸು, ಕುದಿಸು. ಅಲ್ಲೂ ಹಾಗೇ, ಬೇಯಿಸುವವರು ಯಾರೆಂದು ಹೇಳುವುದಿಲ್ಲ. ಝಳ ಎಂಬ ಪದವಂತೂ ಎರಡೂ ಭಾಷೆಯಲ್ಲಿ ಇದೆ. ಆದರೆ ಕುದಿ ನಮ್ಮದೇ. ಅನ್ನದ ಎಸರಿಗೆ ಹೇಳುವ ಮಾತನ್ನೇ ಆಕಾಶಕ್ಕೂ ಹೇಳಿದ್ದೇವೆ.

ಹಾಗೇ ಇನ್ನೊಂದು ಮಾತು. ಪತ್ರಿಕೆಗಳು "ಬಿಸಿಗಾಳಿ" ಅಂತ ಬರೆದಾಗ ಅದು ಇಲಾಖೆಯ ಲೆಕ್ಕದ ಪದ: ಬಯಲಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು, ಇಲ್ಲವೇ ನೇರವಾಗಿ 45 ತಲುಪಬೇಕು. ಗಾಳಿ ಬೀಸಲೇಬೇಕು ಅಂತೇನಿಲ್ಲ. ಅದಕ್ಕೇ ಝಳ ಇದ್ದ ದಿನವನ್ನೆಲ್ಲ ಬಿಸಿಗಾಳಿ ಅನ್ನಲು ನಾನು ಒಪ್ಪುವುದಿಲ್ಲ. ಸುಮ್ನೆ ಹೆದರಿಸಿದಂತಾಗುತ್ತದೆ, ಅಲ್ವಾ?

ನನ್ನ ಪ್ರಶ್ನೆ ಇಷ್ಟು. ಜಮಖಂಡಿ, ಅಥಣಿ, ಗೋಕಾಕ ಕಡೆಯವರು ಮಳೆಗೆ ಮೊದಲಿನ ಈ ಬೇಗೆಗೆ ಕುದಿ ಅಂತಲೇ ಅನ್ನುತ್ತೀರಾ, ಬೇರೆ ಪದ ಇದೆಯಾ? "ಕುದಿ ಇದೆ" ಅಂತ ನಾಮಪದವಾಗಿ ಬರೆದರೆ ನಿಮಗೆ ಸಹಜ ಅನಿಸುತ್ತದೆಯೇ, "ಕುದಿಸುತ್ತದೆ" ಅಂತಲೇ ಇರಬೇಕೇ? ಬೆಳಗಾವಿ ಶಹರದವರೂ ಹೇಳಿ. ನಿಮ್ಮಲ್ಲಿ ಸಂಜೆ ಗಾಳಿ ಬಿಟ್ಟರೆ ತಂಪಾಗುತ್ತದೆ, ಆದರೂ ಆ ಗಾಳಿ ನಿಂತ ದಿನಕ್ಕೆ ಏನಾದರೂ ಹೆಸರು ಇದ್ದೇ ಇರಬೇಕು.

ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: "ಶನಿವಾರ ಝಳ. ರವಿವಾರ ಮಧ್ಯಾಹ್ನದಿಂದ ಕುದಿ, ಸಂಜೆ ಒಂದೆರಡು ಕಡೆ ಮಳೆ. ತಾಡಪತ್ರಿ ಕೈಗೆ ಸಿಗುವಂತೆ ಇಡಿ." ಕಾಕಾ ಒಪ್ಪಿದ್ದಾರೆ. ನೀವು ಕಳಿಸುವ ಮೊದಲೇ ಹೇಳಿದರೆ ಬದಲಿಸಿಯೇ ಕಳಿಸುತ್ತೇನೆ.