ವೃದ್ಧಾಶ್ರಮದಲ್ಲಿ ಅವ್ವನ ತಲೆ ಮೇಲಿನ ಸೆರಗು: ಅಲ್ಲಿಯವರ ಹತ್ತಿರ ಹೇಗೆ ಮಾತಾಡಲಿ?

ಅಫಜಲಪುರದ ಮಗಳು

ನಮ್ಮವ್ವನಿಗೆ 79. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿಯಿತು. ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾಳೆ. ನಾನು ಒಬ್ಬಳೇ ಮಗಳು, ಇರುವುದು ಪುಣೆಯಲ್ಲಿ. ಕಲಬುರಗಿಯ ಒಂದು ಆಶ್ರಮದಲ್ಲಿ ದುಡ್ಡು ಕಟ್ಟಿ ಇಟ್ಟಿದ್ದೇನೆ. ‘ಇಟ್ಟಿದ್ದೇನೆ’ ಅಂತ ಬರೆಯಲೂ ಕೈ ತಡೆಯುತ್ತದೆ, ಸಾಮಾನು ಇಟ್ಟ ಹಾಗೆ.

ಹೊಡೆಯುವುದು, ಬೈಯುವುದು ಏನೂ ಇಲ್ಲ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ರೊಟ್ಟಿ ಸಾರಿನಲ್ಲಿ ನೆನೆಸಿ ಕೊಡುತ್ತಾರೆ. ನನ್ನ ತಕರಾರು ಬೇರೆ. ಮದುವೆಯಾದಾಗಿನಿಂದ ಅವ್ವ ತಲೆ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಹೊಲದಲ್ಲಿ ತೊಗರಿ ಕೊಯ್ಯುವಾಗಲೂ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಕಳೆದ ತಿಂಗಳು ಹೋದರೆ, ನೈಟಿ ಹಾಕಿದ್ದಾರೆ. ಕೂದಲು ಗಂಡಸರ ಹಾಗೆ ಕತ್ತರಿಸಿದ್ದಾರೆ. ನನ್ನನ್ನು ಕಂಡ ಕೂಡಲೇ ಅವ್ವ ಹಾಸಿಗೆ ಮೇಲಿನ ಟವೆಲ್ ಎಳೆದು ತಲೆಗೆ ಹೊದ್ದುಕೊಂಡಳು. ಮಗಳ ಮುಂದೆ!

ಅದರ ಮೇಲೊಂದು ಫೋಟೋ. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಬಾಳೆಹಣ್ಣು ಹಂಚಲು ಬಂದವರು ತೆಗೆದದ್ದು. ಅದೇ ನೈಟಿ, ಅದೇ ತಲೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಅನಾಥ ಅಜ್ಜಿಯರ ಜೊತೆ’ ಅಂತ ಹಾಕಿದ್ದರು. ನಾನು ಸತ್ತಿದ್ದೀನಾ?

ಜಗಳ ಮಾಡಬೇಕು ಅನಿಸುತ್ತದೆ. ಅವ್ವ ಬಿಡುವುದಿಲ್ಲ. "ಸುಮ್ನಿರು, ನೀ ಹೋದಮ್ಯಾಗ ಇವ್ರ ಕೈಯಾಗ ಇರಾಕಿ ನಾ" ಎನ್ನುತ್ತಾಳೆ. ಅದೂ ನಿಜ. ಹೇಗೆ ಮಾತು ತೆಗೆಯಲಿ?

ಶಹಾಪುರ ತಮ್ಮ

ಅಕ್ಕಾ, ಬೇಜಾರಾಗಬೇಡಿ. ಕೂದಲು, ಬಟ್ಟೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ಕಾಕಾ ಒಬ್ಬರೇ ಇದ್ದರು. ಬಿದ್ದು ಎರಡು ದಿನ ಆದರೂ ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನೋಡಿಕೊಳ್ಳುವವರು ಸಿಕ್ಕಿದ್ದೇ ಪುಣ್ಯ ಅಂದುಕೊಳ್ಳಿ.

ರಾತ್ರಿ ಪಾಳಿ

ತಮ್ಮಾ, ಪುಣ್ಯ ಅಂತ ಬಾಯಿ ಮುಚ್ಚಿಕೊಂಡು ಕೂಡುವ ಮುದುಕಿಯರನ್ನು ನಾನು ಜಾಸ್ತಿ ನೋಡಿದ್ದೇನೆ. ಬೀದರ್‌ನಲ್ಲಿ ಆರು ವರ್ಷ ಆಯಾ ಕೆಲಸ ಮಾಡಿದವಳು ನಾನು. ರಾತ್ರಿ ಇಪ್ಪತ್ತೆರಡು ಜನಕ್ಕೆ ನಾವಿಬ್ಬರು.

ಕೂದಲು ಹೇನಿಗೆ ಹೆದರಿ ಕತ್ತರಿಸುತ್ತೇವೆ. ಯಾರನ್ನೂ ಕೇಳುವುದಿಲ್ಲ. ನಾನೂ ಕತ್ತರಿಸಿದ್ದೇನೆ. ಒಮ್ಮೆ ನಾನು ಕಸ ಗುಡಿಸುವಾಗ ಒಬ್ಬ ಆಯಿ ಬಗ್ಗಿ ತನ್ನ ಕೂದಲನ್ನು ಆರಿಸಿಕೊಂಡು ಸೆರಗಲ್ಲಿ ಕಟ್ಟಿಕೊಂಡಳು. ಅದಿರಲಿ.

ಬೆಳಗ್ಗೆ ಹೋಗಬೇಡಿ, ಅದು ಸ್ನಾನದ ಹೊತ್ತು, ಎಲ್ಲರಿಗೂ ತಲೆ ಬಿಸಿ. ಮೂರು ಗಂಟೆಯ ಚಹಾಕ್ಕೆ ಹೋಗಿ. ಮೊದಲು ಆಫೀಸಿಗಲ್ಲ, ಅವ್ವನನ್ನು ಎತ್ತಿ ಕೂರಿಸುವ ಆಯಾ ಹತ್ತಿರ. ‘ಯಾಕೆ ಹೀಗೆ ಮಾಡಿದಿರಿ’ ಅನ್ನಬೇಡಿ. ‘ಸೀರೆ ಉಡಿಸಲು ಏನು ತೊಂದರೆ’ ಅಂತ ಕೇಳಿ. ಕಾಲಿಗೆ ಸಿಕ್ಕಿ ಬೀಳುತ್ತಾರೆ ಅನ್ನುತ್ತಾಳೆ, ಅದು ಸುಳ್ಳಲ್ಲ. ಹಾಗಾದರೆ ಹಗಲು ಮೆತ್ತನೆಯ ಹತ್ತಿ ಸೀರೆ, ಕುಪ್ಪಸಕ್ಕೆ ಮುಂದೆ ಗುಂಡಿ. ರಾತ್ರಿ ನೈಟಿ, ತಲೆಗೊಂದು ದುಪಟ್ಟಾ.

ಇನ್ನೊಂದು, ಡೈಪರ್ ಹಾಕಿದ್ದಾರಾ ನೋಡಿ. ನಡೆಯುವವರಿಗೂ ಹಾಕುತ್ತೇವೆ, ನಮ್ಮ ಅನುಕೂಲಕ್ಕೆ. ಎರಡು-ಮೂರು ತಾಸಿಗೊಮ್ಮೆ ಕೇಳಿ ಕರೆದುಕೊಂಡು ಹೋದರೆ ಎಷ್ಟೋ ಜನಕ್ಕೆ ಹಗಲು ಅದು ಬೇಕೇ ಆಗುವುದಿಲ್ಲ. ಪದೇ ಪದೇ ಕರೆಯಲು ನಾಚಿ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ವಯಸ್ಸಾದವರಿಗೆ ಮೊದಲೇ ಬಾಯಾರಿಕೆ ಗೊತ್ತಾಗುವುದು ಕಡಿಮೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲಿ ಹಾಗಾದರೆ ಉರಿಮೂತ್ರ ಬರುತ್ತದೆ, ಆಮೇಲೆ ಗೊತ್ತುಗುರಿಯಿಲ್ಲದೆ ಬಡಬಡಿಸುತ್ತಾರೆ. ಜನ ಅದನ್ನು ಅರಳು ಮರಳು ಅಂದುಬಿಡುತ್ತಾರೆ.

ಸ್ಟೇಷನ್ ಬಜಾರ್ ವಕೀಲ

ಫೋಟೋ ವಿಷಯ ಬಿಡಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಕಿದಾಗ ಅವರಿಗೇ ಎಂಬತ್ತು ದಾಟಿತ್ತು, ನೋಡಿ. ಆಶ್ರಮಕ್ಕೆ ಒಂದು ಚೀಟಿ ಕೊಡಿ: ‘ನನ್ನನ್ನು ಕೇಳದೆ ಫೋಟೋ ತೆಗೆಯಬಾರದು.’ ಸಹಿಯೋ ಹೆಬ್ಬೆಟ್ಟೋ ಅವ್ವನದೇ ಇರಲಿ, ನಿಮ್ಮದಲ್ಲ. ಕೇಳದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಅಂತ ಯಾರಾದರೂ ಹೇಳಬಹುದು. ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ ಆ ದಾರಿ ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೇಳಲು. ನಿಮ್ಮದು ಅದಲ್ಲ.

ಅಫಜಲಪುರದ ಮಗಳು

ಹೋಗಿ ಬಂದೆ. ಚಹಾದ ಹೊತ್ತಿಗೇ. ಆಯಾ ಚಿಕ್ಕ ಹುಡುಗಿ, ಅವಳಿಗೇ ಅಳು ಬಂತು. "ಆಯಿ ಒಂದು ಮಾತೂ ಅನ್ನಲಿಲ್ರೀ, ಹಂಗಾಗಿ ಕತ್ತರಿಸಿದೆ" ಅಂದಳು. ಹಗಲು ಡೈಪರ್ ಹಾಕಿದ್ದು ಹೌದು. ಈಗ ಬಿಡಿಸಿ ನೋಡುತ್ತಿದ್ದಾರೆ. ಒಮ್ಮೆ ಹಾಸಿಗೆ ಒದ್ದೆಯಾಯಿತಂತೆ, ಆದರೂ ಯಾರೂ ಗದರಲಿಲ್ಲವಂತೆ. ಚೀಟಿಗೆ ಅವ್ವ ಸಹಿ ಮಾಡಿದಳು, ಹೆಬ್ಬೆಟ್ಟು ಬೇಡ ಅಂತ ಹಟ ಹಿಡಿದು. ಆಫೀಸಿನವರ ಮುಖ ಗಂಟಾಯಿತು, ತೆಗೆದುಕೊಂಡರು ಮಾತ್ರ.

ಸೂಪರ್ ಮಾರ್ಕೆಟ್‌ನಲ್ಲಿ ನಾಲ್ಕು ಹತ್ತಿ ಸೀರೆ ಕೊಂಡು ಕೊಟ್ಟಿದ್ದೆ. ನಿನ್ನೆ ಫೋನ್ ಬಂತು. ಅದರಲ್ಲಿ ಒಂದನ್ನು ಅವ್ವ ವಾಪಸ್ ಕಳಿಸುತ್ತಾಳಂತೆ. ಬೂದು ಬಣ್ಣ ಯಾರು ಉಡುತ್ತಾರೆ, ಹಸಿರು ತಾ ಅಂತ.