ಮರೆವಿನ ರೋಗ ರಕ್ತದಲ್ಲೇ ಬರುತ್ತದೆಯೇ? ನರರೋಗ ವೈದ್ಯೆಗೆ ಕೇಳಿ

ಸಿರುಗುಪ್ಪ: ಮೇಡಂ, ನಮ್ಮ ತಂದೆಗೆ 49ಕ್ಕೇ ಮರೆವು ಶುರುವಾಯಿತು, ಈಗ 55. ದೊಡ್ಡಪ್ಪನಿಗೂ ಅಜ್ಜನಿಗೂ ಅದೇ ವಯಸ್ಸಿನಲ್ಲಿ ಹೀಗೇ ಆಗಿತ್ತು. ಸೋದರತ್ತೆಗೆ ಮಾತ್ರ 66 ಆದರೂ ಮರೆವಿಲ್ಲ. ಭತ್ತದ ಚೀಲದ ಲೆಕ್ಕವನ್ನು ಇಂದಿಗೂ ಬಾಯಲ್ಲೇ ಹೇಳುತ್ತಾರೆ. ನನಗೆ 31. ನನಗೂ ಬರುತ್ತದೆಯೇ?

ಮಾನ್ವಿ: ಒಂದೆಲಗದ ರಸಕ್ಕೆ ರಸಭಸ್ಮ ಬೆರೆಸಿ 41 ದಿನ ಕುಡಿಯಿರಿ. ಜೀನ್ ಶುದ್ಧವಾಗುತ್ತದೆ. (ಬಂದದ್ದನ್ನು ಕಳಿಸಿದ್ದೇನೆ)

ರಾಯಚೂರು: ಅಮ್ಮ ನಡುರಾತ್ರಿ ಚಿಲಕ ತೆಗೆದು ಹೊಲಕ್ಕೆ ಹೊರಡುತ್ತಾರೆ. ಏನು ಮಾಡಲಿ?

ವೈದ್ಯೆ: ಸಿರುಗುಪ್ಪದವರೇ, ನಿಮ್ಮ ಅತ್ತೆಯ ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಎರಡು ತಲೆಮಾರಿನ ಲಕ್ಷಣ ನೋಡಿದರೆ, ನಡುವಯಸ್ಸಿಗೇ ಅಲ್ಝೈಮರ್ಸ್ ಎಂಬ ಮರೆವಿನ ರೋಗ ತರುವ ಪಿಎಸ್‌ಇಎನ್1ನಂಥ ಜೀನಿನ ದೋಷವಿರಬಹುದು. ಅದು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅತ್ತೆಗೆ ದಾಟಿಲ್ಲ ಎನ್ನುವುದೇ ಸರಳ ಉತ್ತರ. ಆದರೆ ಕೊಲಂಬಿಯಾದ ಆಂಟಿಯೋಕ್ವಿಯಾದಲ್ಲಿ ಇದೇ ಜೀನಿನ ದೋಷವಿರುವ ದೊಡ್ಡ ಮನೆತನವಿದೆ. ಅಲ್ಲಿ 44ರ ಆಸುಪಾಸಿನಲ್ಲೇ ಮರೆವು ಕಾಣಿಸುತ್ತದೆ. ದೋಷವಿದ್ದೂ ಒಬ್ಬ ಹೆಂಗಸು ಎಪ್ಪತ್ತು ದಾಟುವವರೆಗೆ ಚೆನ್ನಾಗಿದ್ದರು. 2019ರಲ್ಲಿ ಕಾರಣ ವರದಿಯಾಯಿತು: ಈ ರೋಗದ ಅಪಾಯವನ್ನು ಏರಿಳಿಸುವ ಎಪಿಒಇ ಎಂಬ ಜೀನಿನ ಅವರ ಎರಡೂ ಪ್ರತಿಗಳಲ್ಲಿ ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ಬದಲಾವಣೆ ಇತ್ತು. ಈ ರೋಗದಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಎರಡು ಪ್ರೋಟೀನ್‌ಗಳಲ್ಲಿ ಅಮಿಲಾಯ್ಡ್ ಮಿದುಳಿನ ತುಂಬ ಇತ್ತು, ಟೌ ಮಾತ್ರ ಅಷ್ಟಾಗಿ ಹರಡಿರಲಿಲ್ಲ. ಅದೇ ಮನೆತನದ ಇನ್ನೊಬ್ಬರನ್ನು ರೀಲಿನ್ ಜೀನಿನ ಬದಲಾವಣೆ 67ರವರೆಗೆ ಕಾಯಿತು.

ಮೊದಲು ತಂದೆಯ ಬಿ12, ಥೈರಾಯ್ಡ್ ಮತ್ತು ಎಂಆರ್‌ಐ ನೋಡಿಸಿ. ಆಮೇಲೆ ನಿಮ್ಹಾನ್ಸ್‌ನಲ್ಲಿ ಸಲಹೆ ಪಡೆದು ಅವರ ಜೀನ್ ಪರೀಕ್ಷೆ ಮಾಡಿಸಿ. ಅವರಲ್ಲಿ ದೋಷ ಸಿಕ್ಕರೆ ಮಾತ್ರ ನಿಮ್ಮ ಪರೀಕ್ಷೆಗೆ ಅರ್ಥ. ಅದೂ ತಿಳಿದುಕೊಳ್ಳಲೇಬೇಕೆಂದು ನಿಮಗೇ ಅನ್ನಿಸಿದರೆ.

ಮಾನ್ವಿಯವರೇ, ಒಂದೆಲಗದ ಚಟ್ನಿ ರೊಟ್ಟಿಗೆ ರುಚಿ. ಜೀನಿಗೆ ಅದರ ಗೊಡವೆಯಿಲ್ಲ. ಪಾದರಸದ ಭಸ್ಮ ನರಗಳಿಗೆ ವಿಷ. ಅದನ್ನು ಈಗಲೇ ಅಳಿಸಿ.

ಕುಷ್ಟಗಿ: ನನ್ನ ಜೀನ್ ವರದಿಯಲ್ಲಿ ಎಪಿಒಇ4, ಅಂದರೆ ಎಪಿಒಇ ಜೀನಿನ ಒಂದು ಬಗೆ, ಇದೆ. ರೋಗ ಖಚಿತವೇ?

ವೈದ್ಯೆ: ಇಲ್ಲ. ಅಪಾಯ ಹೆಚ್ಚು, ಅಷ್ಟೇ.

ತೋರಣಗಲ್ಲು: ನನಗೂ ಎಪಿಒಇ4 ಬಂದಿದೆ, ಮೇಡಂ?

ವೈದ್ಯೆ: ಮೇಲೆ ಓದಿ.

ಗಂಗಾವತಿ: ಸೋದರಮಾವನಿಗೇ ಹೆಣ್ಣು ಕೊಡುತ್ತಾ ಬಂದರೆ ಇನ್ನೇನಾಗುತ್ತದೆ!

ಮಾನ್ವಿ: ಹಿರಿಯರ ಪದ್ಧತಿಯನ್ನು ಹಳಿಯಲು ನೀವು ಯಾರು?

ಗಂಗಾವತಿ: ಪಾದರಸ ಕುಡಿಸುವವರಿಂದ ಪದ್ಧತಿ ಕಲಿಯಬೇಕೇ?

ವೈದ್ಯೆ: ಇಬ್ಬರೂ ಸಾಕು ಮಾಡಿ. ಸಿರುಗುಪ್ಪದವರಿಗೆ ಹೇಳಿದ ದೋಷಕ್ಕೆ ತಂದೆ ಅಥವಾ ತಾಯಿಯಿಂದ ಬಂದ ಒಂದೇ ಪ್ರತಿ ಸಾಕು. ಒಳಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ.

ಮಾನ್ವಿ: ಇಂಗ್ಲಿಷ್ ಔಷಧದವರೆಲ್ಲ ಹೀಗೇ.

ರಾಯಚೂರು: ನಿನ್ನೆ ರಾತ್ರಿಯೂ ಅಮ್ಮ ಹೋಗಿದ್ದರು. ಕಾಲುವೆಯ ಹತ್ತಿರ ಸಿಕ್ಕರು.

ಗಂಗಾವತಿ: ಮಾನ್ವಿಯವರನ್ನು ಗುಂಪಿನಿಂದ ತೆಗೆಯಿರಿ.

ಸಿರುಗುಪ್ಪ: ಮೇಡಂ, ಅತ್ತೆಗೆ ಎಲ್ಲ ಹೇಳಿದೆ. “ತಮ್ಮನ ಪರೀಕ್ಷೆ ಮೊದಲು ಆಗಲಿ, ಬೇಕೆಂದರೆ ನನ್ನ ರಕ್ತವನ್ನೂ ಕೊಡುತ್ತೇನೆ, ಆದರೆ ನಾಟಿ ಮುಗಿಯಲಿ” ಎಂದರು.